ತಡಿಯಮ್ಮ ಮತ್ತು ಫ್ರೀಜರಿನ ಅಳಿಯ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಇಷ್ಟು ವರ್ಷ ನಾನು ಒಂದೇ ಗೋಡೆ ಹಂಚಿಕೊಂಡು ಕೆಲಸ ಮಾಡಿದ್ದು ನಾನು ಕಂಡವರಲ್ಲೆಲ್ಲ ಅತಿ ನಿಧಾನದ ಹೆಂಗಸಿನ ಜೊತೆ. ಕಾಳು, ತರಕಾರಿ, ಮಣ್ಣು, ನೀರು ಇವುಗಳಲ್ಲಿ ಕಳೆನಾಶಕದ ಅಂಶ ಎಷ್ಟು ಉಳಿದಿದೆ ಎಂದು ನೋಡಿ ಹೇಳುವ ಪ್ರಯೋಗಾಲಯ ನಮ್ಮದು. ಗೋಡೆಯ ಈಚೆ ಮಶೀನು, ಅದರ ಮುಂದೆ ನಾನು. ಆಚೆ ಒಂದು ಪುಟ್ಟ ಕೋಣೆ, ಅದರೊಳಗೆ ಎರಡು ಫ್ರೀಜರ್, ಕಲ್ಲಿನ ಕಟ್ಟೆಯ ಮೇಲೊಂದು ಸೂಕ್ಷ್ಮ ತಕ್ಕಡಿ, ಮತ್ತು ಅವರು. ಎದುರಿಗೆ ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು, ನಾನೊಬ್ಬ ಅಕ್ಕ ಎನ್ನುತ್ತಿದ್ದೆ. ಬೆನ್ನ ಹಿಂದೆ ನಮ್ಮೆಲ್ಲರಿಗೂ ಅವರು ತಡಿಯಮ್ಮ.

ಆ ಹೆಸರು ಬಂದದ್ದು ಅವರ ಬಾಯಿಂದಲೇ. "ಅಕ್ಕಾ, ದ್ರಾವಣ ರೆಡಿನಾ?" ಎಂದರೆ "ತಡಿ." "ಮೇಡಂ, ಮಧ್ಯಾಹ್ನದೊಳಗೆ ರಿಪೋರ್ಟ್ ಹೋಗ್ಬೇಕಂತೆ" ಎಂದರೆ "ತಡೀರಿ." ಪ್ರಯೋಗಾಲಯದ ಮುಖ್ಯಸ್ಥರಾದ ನಮ್ಮ ಸಾಹೇಬರು ಸ್ವತಃ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡರೂ ಅದೇ ಮಾತು, ಕೊನೆಗೊಂದು 'ಸಾರ್' ಸೇರಿಸಿ.

ಅವರ ಸುಪರ್ದಿಯಲ್ಲಿದ್ದದ್ದು ಸ್ಟಾಂಡರ್ಡುಗಳು. ಹೊರಗಿನವರಿಗೆ ಇದನ್ನು ವಿವರಿಸಲು ನನಗೆ ಗೊತ್ತಿರುವ ದಾರಿ ಒಂದೇ. ಅಂಗಡಿಯವನ ತಕ್ಕಡಿಯಲ್ಲಿ ಒಂದು ಕಡೆ ಸಾಮಾನು, ಇನ್ನೊಂದು ಕಡೆ ತೂಕದ ಕಲ್ಲು ಇರುತ್ತದಲ್ಲ, ನಮ್ಮಲ್ಲಿ ಆ ಕಲ್ಲಿನ ಜಾಗದಲ್ಲಿರುವುದು ಹೆಬ್ಬೆರಳಿನಷ್ಟು ದೊಡ್ಡ ಗಾಜಿನ ಶೀಶೆ. ಅದರ ತಳದಲ್ಲಿ ಒಂದು ಚಿಟಿಕೆ ಬಿಳಿ ಪುಡಿ. ಅದೂ ಕಳೆನಾಶಕವೇ, ಆದರೆ ಹೊಲಕ್ಕೆ ಹೊಡೆಯುವ ಬಾಟಲಿಯ ಮದ್ದಲ್ಲ. ಎಷ್ಟು ಶುದ್ಧ ಎಂದು ಪರೀಕ್ಷಿಸಿ ಬರೆದುಕೊಟ್ಟ ಅಪ್ಪಟ ವಸ್ತು. ಅದನ್ನು ತೂಗಿ, ಕರಗಿಸಿ, ಮಶೀನಿಗೆ ಕೊಟ್ಟರೆ ಪರದೆಯ ಮೇಲೆ ಒಂದು ಗುಡ್ಡ ಏಳುತ್ತದೆ. ಆಮೇಲೆ ಜನ ತಂದ ಕಾಳನ್ನೋ ಸೊಪ್ಪನ್ನೋ ಅರೆದು ತೆಗೆದ ಸಾರವನ್ನು ಕೊಟ್ಟು, ಅದರ ಗುಡ್ಡ ಎಷ್ಟೆತ್ತರ ಎಂದು ಹೋಲಿಸುತ್ತೇವೆ. ಇಷ್ಟೇ ನಮ್ಮ ವಿದ್ಯೆ. ಮೇಲಿನ ಮಹಡಿಯ ಗಾಜಿನ ಮನೆಯಲ್ಲಿ ಕಳೆಗಿಡಗಳನ್ನೇ ಕುಂಡದಲ್ಲಿಟ್ಟು ಮುದ್ದಿನಿಂದ ಬೆಳೆಸಿ, ಯಾವುದು ಯಾವ ಮದ್ದಿಗೆ ಬಗ್ಗುತ್ತದೆ ಎಂದು ನೋಡುವ ಸಂಶೋಧಕರೂ ಒಂದು ಹನಿ ದ್ರಾವಣಕ್ಕೆ ತಡಿಯಮ್ಮನ ಬಾಗಿಲಿಗೇ ಬರಬೇಕಿತ್ತು.

ಶೀಶೆಗಳು ಫ್ರೀಜರಿನಲ್ಲಿರುತ್ತವೆ. ಹೊರಗೆ ತೆಗೆದೊಡನೆ ಮುಚ್ಚಳ ಬಿಚ್ಚುವ ಹಾಗಿಲ್ಲ. ತಣ್ಣೀರಿನ ಲೋಟದ ಮೈಮೇಲೆ ಹನಿ ಕೂರುತ್ತದಲ್ಲ, ಹಾಗೆ ಗಾಳಿಯ ತೇವ ಪುಡಿಯ ಮೇಲೆ ಕೂತುಬಿಡುತ್ತದೆ. ಆಮೇಲೆ ನೀವು ತೂಗುವುದು ಬರೀ ಮದ್ದನ್ನಲ್ಲ, ಮದ್ದಿನ ಜೊತೆ ನೀರನ್ನೂ. ಆದ್ದರಿಂದ ತೇವ ಹೀರುವ ಹರಳು ತುಂಬಿದ ಗಾಜಿನ ಡಬ್ಬಿಯಲ್ಲಿ ಶೀಶೆಯನ್ನಿಟ್ಟು, ಅದು ಕೋಣೆಯಷ್ಟೇ ಬೆಚ್ಚಗಾಗುವವರೆಗೆ ಕಾಯಬೇಕು. ಕಾಯುವುದೇನು ಮಹಾ ಕೆಲಸ ಎನ್ನಬೇಡಿ. ಪಕ್ಕದ ಕೋಣೆಯಲ್ಲಿ ನನ್ನಂಥವನೊಬ್ಬ ಪೆನ್ನಿನಿಂದ ಮೇಜು ಕುಟ್ಟುತ್ತಿರುವಾಗ ಅಲುಗಾಡದೆ ಕೂರುವುದು ಎಲ್ಲರ ಕೈಲಾಗುವುದಿಲ್ಲ.

ಅವರೇನು ಕೈಕಟ್ಟಿಕೊಂಡು ಕೂರುತ್ತಿರಲಿಲ್ಲ ಬಿಡಿ. ಮೇಜಿನ ಖಾನೆಯಿಂದ ಸೂಜಿ ದಾರ ತೆಗೆದು ನಮ್ಮ ಬಿಳಿ ಕೋಟುಗಳಿಗೆ ಗುಂಡಿ ಹೊಲಿಯುತ್ತಿದ್ದರು. ನಮ್ಮಲ್ಲಿ ಯಾರ ಕೋಟೂ ಗುಂಡಿಯಿಲ್ಲದೆ ಬಾಯ್ದೆರೆದಿರಲಿಲ್ಲ. ಸಾಹೇಬರ ಕೋಟಿಗೆ ಹೊಟ್ಟೆಯ ಹತ್ತಿರದ ಗುಂಡಿಯನ್ನು ಮಾತ್ರ ಮತ್ತೆ ಮತ್ತೆ ಹೊಲಿಯಬೇಕಾಗುತ್ತಿತ್ತು. "ಇದು ದಾರದ ತಪ್ಪಲ್ಲ ಸಾರ್" ಎಂದು ಅವರ ಮುಖಕ್ಕೇ ಹೇಳಿದ್ದರು.

ಶೀಶೆಗಳ ಉದ್ದುದ್ದ ಹೆಸರುಗಳು ನಾಲಿಗೆಗೆ ತೊಡಕು. ಹಾಗಾಗಿ ಅಕ್ಕ ಅವಕ್ಕೆಲ್ಲ ನೆಂಟಸ್ತಿಕೆ ಹಚ್ಚಿದ್ದರು. ಎಷ್ಟು ಕಲಕಿದರೂ ಕರಗದೆ ಗಟ್ಟಿ ಕೂರುವುದು ದೊಡ್ಡಪ್ಪ. ಒಮ್ಮೆ ಮಶೀನಿಗೆ ಹೋದರೆ ಮುಂದಿನ ಎಲ್ಲ ಮಾದರಿಗಳಲ್ಲೂ ಇಣುಕಿ ನೋಡುವುದು ನಾದಿನಿ. ಇನ್ನೊಂದಿತ್ತು, ತೇವ ತಗುಲಿದರೆ ಸಾಕು, ಮುಖ ಊದಿಸಿಕೊಳ್ಳುವಂಥದ್ದು. ಅದು ಅಳಿಯ. "ಅಳಿಯ ದೂರದಿಂದ ಬಂದಿದಾನೆ, ಚಳಿ ಹಿಡಿದಿದೆ. ಮೊದಲು ಕೂರಲಿ, ಸುಧಾರಿಸ್ಕೊಳ್ಳಲಿ. ಹೊಸ್ತಿಲಲ್ಲೇ ನಿಲ್ಲಿಸಿ ಮಾತಾಡಿಸಿದ್ರೆ ಜೀವಮಾನವೆಲ್ಲ ಆಡ್ಕೋತಾನೆ" ಎನ್ನುತ್ತಿದ್ದರು.

ಇದನ್ನೆಲ್ಲ ನಗುತ್ತಾ ಹೇಳುತ್ತಿದ್ದರು ಎಂದುಕೊಂಡು ಅವರನ್ನು ಸಾಧು ಹಸು ಎಂದು ತಿಳಿಯಬೇಡಿ. ತನ್ನ ಕೈಯ ಬಗ್ಗೆ ಆಕೆಗೆ ಜಂಬವಿತ್ತು, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. "ನನ್ನ ತೂಕ ತಪ್ಪಲ್ಲ" ಎಂದು ಬಹಿರಂಗವಾಗಿ ಹೇಳುವರು. ಬೇರೆಯವರು ತಪ್ಪಿದರೆ ಬೆವರಿಳಿಸುವರು. ಔಷಧಿ ಕಾರ್ಖಾನೆಯ ಕೆಲಸ ಬಿಟ್ಟು ನಮ್ಮಲ್ಲಿಗೆ ಬಂದ, ಎರಡು ಮಕ್ಕಳ ತಾಯಿಯಾದ ಒಬ್ಬ ಹೊಸಬಳಿದ್ದಳು. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಬಂದ ಹೊಸದರಲ್ಲಿ ಅವಳು ಫ್ರೀಜರಿನಿಂದ ತೆಗೆದ ಕೈಯಲ್ಲೇ ಅಳಿಯನ ಮುಚ್ಚಳಕ್ಕೆ ಕೈಹಾಕಿದಳು. ಅಕ್ಕ ಹಾಕಿದ ಕೂಗು ಮೆಟ್ಟಿಲವರೆಗೆ ಕೇಳಿತು. "ಅಲ್ಲಮ್ಮಾ, ನಿಮ್ಮ ಮನೆ ಅಳಿಯ ಬಂದ್ರೂ ಬಾಗಿಲಲ್ಲೇ ನಿಲ್ಲಿಸಿ ಕೋಟು ಬಿಚ್ಚಿಸ್ತೀಯಾ?" ಹೊಸಬಳು ಕೈತೊಳೆಯುವ ಜಾಗದಲ್ಲಿ ನಿಂತು ಅತ್ತಳು. ಮಧ್ಯಾಹ್ನ ಅಕ್ಕ ತಮ್ಮ ಡಬ್ಬಿಯ ಊಟದಲ್ಲಿ ಅರ್ಧವನ್ನು ಅವಳ ಮುಂದೆ ಇಟ್ಟರು, ಆದರೆ ಬೈದದ್ದನ್ನು ವಾಪಸು ಪಡೆಯಲಿಲ್ಲ.

ಅವರ ಮನೆಯ ಕಥೆಯೇ ಬೇರೆ. ಗಂಡ ಶಾಲೆ ಮಕ್ಕಳ ವ್ಯಾನ್ ಓಡಿಸುತ್ತಿದ್ದರು. ಆ ಮನುಷ್ಯ ಹುಟ್ಟಿದ್ದೇ ಹಾರನ್ ಒತ್ತುತ್ತಾ. ಊಟಕ್ಕೆ ಕೂತರೆ ತಟ್ಟೆ ಬರುವ ಮೊದಲೇ ಕೈತೊಳೆಯುವ ಯೋಚನೆ. ದಿನಾ ಸಂಜೆ ನಮ್ಮ ಗೇಟಿನ ಮುಂದೆ ವ್ಯಾನ್ ನಿಲ್ಲಿಸಿ ಹಾರನ್ ಬಾರಿಸುವರು; ಅಕ್ಕ ಕೈ ಒರೆಸಿ, ಬೀಗ ಹಾಕಿ, ಬೀಗವನ್ನು ಎಳೆದು ನೋಡಿ, ಮತ್ತೊಮ್ಮೆ ಎಳೆದು ನೋಡಿ ಇಳಿಯುವರು. ಇಂಥ ಗಂಡ ಹೆಂಡತಿ ಹೇಗೆ ಬಾಳಿದರು ಎಂದು ನಾನು ಕೇಳಿದ್ದೆ. "ಅವರು ಓಡಿ ಹೋಗಿ ಅಲ್ಲಿ ಕಾಯ್ತಾರೆ, ನಾನು ಇಲ್ಲಿ ಕಾದು ಹೋಗ್ತೀನಿ. ಇಬ್ಬರೂ ಸೇರೋದು ಒಂದೇ ಹೊತ್ತಿಗೆ ತಮ್ಮಾ" ಎಂದರು.

ಒಬ್ಬಳೇ ಮಗಳು, ಮದುವೆಯಾಗಿ ಬೇರೆ ಊರಿನಲ್ಲಿದ್ದಳು, ತುಂಬು ಬಸುರಿ. ಮಳೆ ಹಿಡಿದ ಒಂದು ವಾರ, ಗೋಡೆ ಬಟ್ಟೆ ಎಲ್ಲ ಒದ್ದೆಯಾದಂತಿದ್ದ ಒಂದು ಬೆಳಗ್ಗೆ, ಅಕ್ಕನ ಫೋನು ಬಡಿಯಿತು. ಅವರ ನಿಜವಾದ ಅಳಿಯ. ಮಗಳಿಗೆ ದಿನ ತುಂಬುವ ಮುಂಚೆಯೇ ನೋವು ಶುರುವಾಗಿದೆ, ಆಸ್ಪತ್ರೆಗೆ ಸೇರಿಸಿದ್ದೇವೆ ಎಂದ. ಸ್ವಲ್ಪ ಹೊತ್ತಿನಲ್ಲೇ ದ್ರಾವಣದ ಬಾಟಲಿಯನ್ನು ನನ್ನ ಕೈಗಿಟ್ಟು, ಛತ್ರಿಯನ್ನೂ ಮರೆತು ಆಕೆ ಮಳೆಯಲ್ಲಿ ಓಡಿದರು. "ತಡಿಯಮ್ಮ ಓಡಿದ್ರು!" ಎಂದು ಇಡೀ ಪ್ರಯೋಗಾಲಯ ಕಿಟಕಿಗೆ ಬಂತು. ನಮಗೆಲ್ಲ ನಗು, ಜೊತೆಗೆ ದಿಗಿಲು. ಹೆರಿಗೆ ಸುಸೂತ್ರವಾಯಿತು, ಮೊಮ್ಮಗಳು ಹುಟ್ಟಿದಳು. ರಜೆ ಮುಗಿಸಿ ಬಂದ ಅಕ್ಕ ಎಲ್ಲರಿಗೂ ಫೋಟೊ ತೋರಿಸಿದರು, ನೋಡಿದವರಿಗೇ ಮತ್ತೆ ತೋರಿಸಿದರು.

ಆಮೇಲೆ ಕೆಲವು ವಾರ ಎಂದಿನಂತೆ ನಡೆಯಿತು. ಮಾದರಿಗಳು ಬಂದವು, ಹೋದವು. ನಮಗೆ ಬರುವ ಚೀಲಗಳ ಮೇಲೆ ಬರೀ ನಂಬರು ಇರುತ್ತದೆ, ತಂದವರ ಹೆಸರು ಇರುವುದಿಲ್ಲ. ಯಾರ ಮೇಲೂ ಕರುಣೆಯೋ ಕೋಪವೋ ಬರಬಾರದು ಎಂದು ಈ ಏರ್ಪಾಡು. ಅವುಗಳಲ್ಲಿ ಒಣ ಬಟಾಣಿಯ ಒಂದು ಚೀಲ, ಕಾಳಿನಲ್ಲಿ ಮದ್ದು ಇರಬಹುದಾದ ಮಿತಿಗಿಂತ ಸ್ವಲ್ಪ ಮೇಲೆ ಬಂತು. ಅಳಿಯನ ಗುಡ್ಡಕ್ಕೆ ಹೋಲಿಸಿ ನಾನೇ ಲೆಕ್ಕ ಹಾಕಿದೆ, ಅಕ್ಕ ಸಹಿ ಮಾಡಿದರು. 'ಮಿತಿ ಮೀರಿದೆ' ಎಂದು ರಿಪೋರ್ಟ್ ಹೋಯಿತು. ಅಂಥ ಕಾಳನ್ನು ಯಾರೂ ಕೊಳ್ಳುವಂತಿಲ್ಲ, ಹೊಂಡಕ್ಕೆ ಸುರಿಯಬೇಕು. ನಮಗೆ ಅದೊಂದು ನಂಬರು.

ಹಳೆಯ ಶೀಶೆ ತಳ ಕಾಣುತ್ತಾ ಬಂದಿತ್ತು. ಹೊಸದು ಬಂತು. ಹೊಸ ಅಳಿಯ ಬಂದಾಗ ಹಳೆಯ ಅಳಿಯನ ಪಕ್ಕದಲ್ಲಿ ನಿಲ್ಲಿಸಿ ಎತ್ತರ ನೋಡುವುದು ನಮ್ಮ ವಾಡಿಕೆ. ಎರಡರಿಂದಲೂ ಒಂದೇ ತೂಕದ ಪುಡಿ ಕರಗಿಸಿ ಮಶೀನಿಗೆ ಕೊಟ್ಟೆ. ಹೊಸದರ ಗುಡ್ಡ ಎದ್ದು ನಿಂತಿತು, ಹಳೆಯದು ಅದರ ಭುಜಕ್ಕೂ ಬರಲಿಲ್ಲ. ಮತ್ತೆ ಮಾಡಿದೆ. ಅದೇ ಹಣೆಬರಹ. ನನಗೆ ಪಿತ್ತ ನೆತ್ತಿಗೇರಿತು.

"ಏನು ತುಂಬಿ ಕಳಿಸಿದಾನೆ ಆ ಶೀಶೆ ಮಾರಿದವನು? ಈಗಲೇ ಫೋನ್ ಮಾಡಿ ನೀರಿಳಿಸ್ತೀನಿ. ಶೀಶೆ ವಾಪಸ್ ಕಳಿಸೋಣ ಅಕ್ಕ."

"ತಡಿ" ಎಂದರು. ಪರದೆಯನ್ನು ಬಹಳ ಹೊತ್ತು ನೋಡಿದರು. "ಹೊಸದರ ಮೇಲೆ ಎಷ್ಟು ಶುದ್ಧ ಅಂತ ಬರೆದಿದೆ?"

"ಪೂರ್ತಿ ಶುದ್ಧ, ಇನ್ನೇನು."

"ಹಾಗಾದ್ರೆ ಪೂರ್ತಿ ಶುದ್ಧಕ್ಕಿಂತ ಇನ್ನೂ ಶುದ್ಧ ಇರೋ ವಸ್ತು ಎಲ್ಲಾದ್ರೂ ಉಂಟಾ ತಮ್ಮಾ? ಹೊಸದು ಎತ್ತರ ಆಗಿಲ್ಲ. ಹಳೇದು ಕುಳ್ಳ ಆಗಿದೆ."

ಹಳೆಯ ಶೀಶೆಯನ್ನು ಹೊರಗೆ ತೆಗೆದರು. ಆಗಲೂ, ಅಂಥ ಹೊತ್ತಿನಲ್ಲೂ, ಅದು ಬೆಚ್ಚಗಾಗುವವರೆಗೆ ಕಾದರು. ಆದರೆ ಸೂಜಿ ದಾರ ಮುಟ್ಟಲಿಲ್ಲ. ಆಮೇಲೆ ಶೀಶೆಯನ್ನು ಬೆಳಕಿಗೆ ಹಿಡಿದು ಓರೆ ಮಾಡಿದರು. ಒಣ ಮರಳಿನ ಹಾಗೆ ಜಾರಬೇಕಾಗಿದ್ದ ಪುಡಿ ಒದ್ದೆ ಉಪ್ಪಿನ ಹಾಗೆ ಗಾಜಿಗೆ ಕಚ್ಚಿಕೊಂಡಿತ್ತು. ಮುಚ್ಚಳ ಒಂದು ಎಳೆಯಷ್ಟು ಸೊಟ್ಟಗೆ ಕೂತಿತ್ತು. ಅಕ್ಕ ಶೀಶೆಯನ್ನು ಕಟ್ಟೆಯ ಮೇಲಿಟ್ಟರು.

"ಮಗಳಿಗೆ ನೋವು ಬಂತಲ್ಲ, ಆವತ್ತು" ಎಂದರು. "ಇದನ್ನ ಆಗ ತಾನೇ ಹೊರಗೆ ತೆಗೆದಿದ್ದೆ. ಫೋನ್ ಬಂತು. ಕಾಯಲಿಲ್ಲ. ತೂಗಿಬಿಟ್ಟೆ. ಮುಚ್ಚಳ ಹೇಗೆ ಹಾಕಿದ್ನೋ ನೆನಪೇ ಇಲ್ಲ. ಮನೆ ಅಳಿಯ ಕರೆದ ಅಂತ ಈ ಅಳಿಯನ್ನ ಹೊಸ್ತಿಲಲ್ಲೇ ಬಿಟ್ಟು ಹೋದೆ."

ಅದರ ಅರ್ಥ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಸವೆದ ಕಲ್ಲನ್ನು ಪೂರ್ತಿ ತೂಕದ್ದೆಂದು ನಂಬಿ ತೂಗಿದರೆ, ಸಾಮಾನು ಇದ್ದದ್ದಕ್ಕಿಂತ ಹೆಚ್ಚು ಎಂದೇ ತೋರುತ್ತದೆ. ಆ ವಾರಗಳಲ್ಲಿ ನಾವು ಕೊಟ್ಟ ಲೆಕ್ಕವೆಲ್ಲ ಹೆಚ್ಚಾಗಿ ಬಂದಿತ್ತು. ಉಳಿದವರ ಕಾಳು ಸೊಪ್ಪು ಹೆಚ್ಚಾಗಿ ತೋರಿದರೂ ಮಿತಿಯ ಕೆಳಗೇ ಇದ್ದುದರಿಂದ ಯಾರಿಗೂ ನಷ್ಟವಿರಲಿಲ್ಲ. ಮಿತಿ ದಾಟಿದ್ದು ಬಟಾಣಿ ಒಂದೇ.

ಸಾಹೇಬರ ಕೋಣೆಯಲ್ಲಿ ನಾವೆಲ್ಲ ಸೇರಿದೆವು. ಸಾಹೇಬರು ಕೆಟ್ಟವರಲ್ಲ, ಆದರೆ ಎಲ್ಲ ಮುಖ್ಯಸ್ಥರ ಹಾಗೆ ಅವರಿಗೂ ರಾದ್ಧಾಂತ ಎಂದರೆ ಆಗುತ್ತಿರಲಿಲ್ಲ. "ನಿಧಾನವಾಗಿ ನೋಡೋಣ ಮೇಡಂ. ಶೀಶೆ ಯಾರು ಯಾರೋ ಮುಟ್ಟಿರ್ತಾರೆ. ಹೊಸಬರೂ ಇದಾರೆ..." ಎಂದು ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ಹೊಸಬಳು ನಿಂತಿದ್ದಳು. ಮೊದಲೊಮ್ಮೆ ಇದೇ ತಪ್ಪಿಗೆ ಬೈಸಿಕೊಂಡವಳು, ಕೆಲಸ ಕಾಯಂ ಆಗದವಳು. ಅವಳ ಕೈ ಚೌಕಟ್ಟನ್ನು ಹಿಡಿದುಕೊಂಡಿತ್ತು.

"ಅವಳಲ್ಲ ಸಾರ್. ನಾನು" ಎಂದರು ಅಕ್ಕ.

"ಹಾಗಂತ ಬರೆದುಕೊಡ್ಬೇಕಾಗುತ್ತೆ. ನಿಮ್ಮ ಅನುಭವಕ್ಕೆ ಅದೊಂದು..."

"ಮಾಡಿದ್ದು ನಾನು, ಇನ್ಯಾರ ಹೆಸರು ಬರೀತೀರಿ? ರಿಪೋರ್ಟ್ ವಾಪಸ್ ತಗೊಳ್ಳಿ. ಆ ಬಟಾಣಿಯವರಿಗೆ ಇವತ್ತೇ ಹೇಳ್ಬೇಕು."

"ಕಾಗದ ಕಳಿಸ್ತೀವಲ್ಲ."

"ಕಾಗದ ಹೋಗೋ ಹೊತ್ತಿಗೆ ಬಟಾಣಿ ಹೊಂಡದಲ್ಲಿರುತ್ತೆ ಸಾರ್!"

ಆ ದನಿಯನ್ನು ಆಕೆ ಸಾಹೇಬರ ಮೇಲೆ ಎಂದೂ ಎತ್ತಿದ್ದಿಲ್ಲ. ಸಾಹೇಬರು ಒಂದು ಕ್ಷಣ ತಮ್ಮ ಕೋಟಿನ ಗುಂಡಿಯನ್ನು ತಿರುವುತ್ತಾ ಕೂತರು. ಆಮೇಲೆ ಮುಂದಿನ ಕೌಂಟರಿನವಳಿಗೆ ಹೇಳಿ ಆ ನಂಬರಿನ ಹಿಂದಿದ್ದ ವಿಳಾಸ ತೆಗೆಸಿದರು. ಬಟಾಣಿ ಊರಾಚೆಯ ಗೋದಾಮಿನಲ್ಲಿತ್ತು, ಅವತ್ತೇ ಲಾರಿಗೆ ಏರಿಸಿ ಹೊಂಡಕ್ಕೆ ಸಾಗಿಸುವುದೆಂದು ಕಾಗದದಲ್ಲಿತ್ತು. ಬಟಾಣಿ ಬೆಳೆದವರಿಗೆ ಫೋನ್ ಮಾಡಿದರೆ ಎತ್ತುವವರಿಲ್ಲ.

ಅಕ್ಕ ಗಂಡನಿಗೆ ಫೋನ್ ಮಾಡಿದರು. ಶಾಲೆಗೆ ಮಕ್ಕಳನ್ನು ಬಿಟ್ಟು ಬಂದಿದ್ದ ವ್ಯಾನ್ ಗೇಟಿಗೆ ಬಂತು. ಮಕ್ಕಳಿಗೆಂದು ಮಾಡಿದ ಗಿಡ್ಡ ಸೀಟಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ನಾನೂ ಕೂತೆ. ಕಾಲಡಿ ಯಾರದೋ ನೀರಿನ ಬಾಟಲಿ ಉರುಳುತ್ತಿತ್ತು.

"ಬೇಗ ಓಡಿಸ್ರೀ" ಎಂದರು ಅಕ್ಕ.

ಆ ಮನುಷ್ಯ ಸ್ಟೇರಿಂಗ್ ಬಿಟ್ಟು ಹಿಂದೆ ತಿರುಗಿ ಹೆಂಡತಿಯ ಮುಖ ನೋಡಿದರು. ಮದುವೆಯಾದಾಗಿನಿಂದ ಕೇಳಬೇಕೆಂದಿದ್ದ ಮಾತು ಕೊನೆಗೂ ಕೇಳಿಸಿತ್ತು, ಆದರೆ ಅವರು ನಗಲಿಲ್ಲ. ಏನೂ ಕೇಳದೆ ಹೊರಟರು. ದಾರಿಯುದ್ದಕ್ಕೂ ಒಮ್ಮೆಯೂ ಹಾರನ್ ಒತ್ತಲಿಲ್ಲ.

ಗೋದಾಮಿನ ಮುಂದೆ ಲಾರಿ ನಿಂತಿತ್ತು, ಅರ್ಧ ತುಂಬಿತ್ತು. ಕೂಲಿಯವರು ಮೂಟೆ ಹೊರುತ್ತಿದ್ದರು. ಬೆಳೆದವರು ಒಂದು ಕಂಬಕ್ಕೆ ಒರಗಿ, ಆ ಕಡೆ ನೋಡದೆ ನಿಂತಿದ್ದರು. ನಡುವಯಸ್ಸಿನ ಗಟ್ಟಿ ಆಳು, ಆದರೆ ಹೆಗಲು ಬಿದ್ದುಹೋಗಿತ್ತು. ಅಕ್ಕ ನೇರವಾಗಿ ಲಾರಿಯ ಹತ್ತಿರ ಹೋಗಿ, ಮೂಟೆ ಹೊತ್ತವನ ಎದುರು ಕೈ ಅಡ್ಡ ಹಿಡಿದರು.

"ತಡೀರಿ!"

ಬೆಳೆದವರು ಕಂಬ ಬಿಟ್ಟು ಬಂದರು. ನಾವು ಯಾರು, ಎಲ್ಲಿಂದ ಬಂದೆವು ಎಂದು ಅಕ್ಕ ಹೇಳಿದರು. ರಿಪೋರ್ಟ್ ತಪ್ಪಾಗಿದೆ, ಅದನ್ನು ಹಿಂದಕ್ಕೆ ಪಡೆಯುತ್ತಿದ್ದೇವೆ, ಲೋಡ್ ಇಳಿಸಿ ಎಂದರು. ತೂಕದ ಕಲ್ಲು ಸವೆದ ಮಾತನ್ನೂ ಹೇಳಿದರು. ಬೆಳೆದವರು ಕೇಳಿದರು, ಮುಖ ಗಂಟಾಯಿತು.

"ಅಂದ್ರೆ ನಿಮ್ಮ ಮಶೀನ್ ಕೆಟ್ಟಿತ್ತು."

"ಮಶೀನಲ್ಲ. ನಾನು. ನನ್ನ ಕೈಯಿಂದ ಆದ ತಪ್ಪು."

"ಹಾಗಾದ್ರೆ ನನ್ನ ಬಟಾಣಿ ಚೆನ್ನಾಗಿದೆ."

ಹೂಂ ಎಂದುಬಿಡಿ ಅಕ್ಕ, ಹೂಂ ಎಂದರೆ ಈ ಮನುಷ್ಯ ತಣ್ಣಗಾಗುತ್ತಾನೆ, ಹೇಗೂ ಹಾಗೇ ಬರುತ್ತದೆ ಎಂದು ನನ್ನ ಮನಸ್ಸು ಕೂಗುತ್ತಿತ್ತು.

"ಗೊತ್ತಿಲ್ಲ" ಎಂದರು ಅಕ್ಕ. "ಚೆನ್ನಾಗಿದೆ ಅಂತ ಹೇಳೋಕೆ ನಾನು ಬಂದಿಲ್ಲ. ಕೆಟ್ಟಿದೆ ಅಂತ ಹೇಳಿದ್ದು ತಪ್ಪು ಅಂತ ಹೇಳೋಕೆ ಬಂದೆ. ಮತ್ತೆ ಪರೀಕ್ಷೆ ಮಾಡ್ಬೇಕು. ಆಗ ಏನು ಬರುತ್ತೋ ಅದನ್ನೇ ಹೇಳ್ತೀನಿ."

ಆಗ ಬೆಳೆದವರು ಸಿಡಿದರು. ಬಾಯಿಗೆ ಬಂದಂತೆ ಬೈದರು. ನನಗೆ ಮೈ ಉರಿದು ಮುಂದೆ ಹೋದೆ. ಅಕ್ಕ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದರು. ಬೈಗುಳ ಮುಗಿದ ಮೇಲೆ ಆ ಮನುಷ್ಯ ತಗ್ಗಿದ ದನಿಯಲ್ಲಿ ಹೇಳಿದ್ದು ಬೈಗುಳಕ್ಕಿಂತ ಕೆಟ್ಟದಾಗಿತ್ತು.

"ಹೊಲಕ್ಕೆ ಮದ್ದು ಹೊಡೆದಿದ್ದು ನನ್ನ ತಮ್ಮ. ಚೀಟಿಯಲ್ಲಿ ಬರೆದಷ್ಟೇ ಹಾಕ್ದೆ ಅಣ್ಣ ಅಂದ. ನಾನು ನಂಬಲಿಲ್ಲ. ನಿಮ್ಮ ಕಾಗದ ನಂಬ್ದೆ. ಒಡಹುಟ್ಟಿದವನನ್ನ ಮನೆಯಿಂದ ಆಚೆ ಕಳಿಸ್ದೆ ಅಮ್ಮಾ. ಇವತ್ತಿಗೂ ಮಾತಿಲ್ಲ."

ಅಕ್ಕ ನಿಂತಲ್ಲೇ ನಿಂತರು. ಆ ಮನುಷ್ಯನೇ ಕೂಲಿಯವರ ಕಡೆ ಕೈಬೀಸಿ, "ಇಳಿಸ್ರಪ್ಪ" ಎಂದರು. ಮೂಟೆಗಳಿಂದ ಹೊಸದಾಗಿ ಮಾದರಿ ತೆಗೆದುಕೊಂಡು ನಾವು ಬಂದೆವು. ವ್ಯಾನಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಅತ್ತರು. ಗಂಡ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದು ಕೈಯಿಂದ ಕರವಸ್ತ್ರ ಹಿಂದಕ್ಕೆ ಚಾಚಿದರು.

ಸಾಹೇಬರು ಒಳ್ಳೆಯ ಕೆಲಸ ಮಾಡಿದರು: ಈ ಸಲದ ತೂಕ ಅಕ್ಕ ಮಾಡಕೂಡದು ಎಂದರು. ಹೊಸಬಳು ಮಾಡಿದಳು. ಹೊಸ ಅಳಿಯನನ್ನು ಕೂರಿಸಿ, ಕಾದು, ತೂಗಿದಳು. ನಾನು ಮಶೀನಿಗೆ ಕೊಟ್ಟೆ. ಅಕ್ಕ ಗೋಡೆಯ ಆಚೆ ಇದ್ದರು, ಪರದೆ ನೋಡಲು ಬರಲಿಲ್ಲ. ಬಟಾಣಿಯ ಗುಡ್ಡ ಎದ್ದಿತು. ಮಿತಿಯ ಕೆಳಗೆ. ಬಹಳ ಕೆಳಗೇನಲ್ಲ, ಆದರೆ ಕೆಳಗೆ, ಅನುಮಾನಕ್ಕೆ ಎಡೆಯಿಲ್ಲದಷ್ಟು. ಮತ್ತೆ ಮಾಡಿದೆವು, ಅದೇ ಬಂತು. ನಾನು ಗೋಡೆಯನ್ನು ಗುದ್ದಿ "ಅಕ್ಕಾ, ಪಾಸ್!" ಎಂದು ಕೂಗಿದೆ. ಆ ಕಡೆಯಿಂದ ಕುರ್ಚಿ ಸರಿದ ಸದ್ದು ಮಾತ್ರ ಕೇಳಿತು.

ಬಟಾಣಿ ಬೆಳೆದವರಿಗೆ ಫೋನ್ ಅಕ್ಕನೇ ಮಾಡಿದರು. ಲೆಕ್ಕ ಹೇಳಿದರು. ಆಮೇಲೆ, "ನಿಮ್ಮ ತಮ್ಮ ಸರಿಯಾಗೇ ಹಾಕಿದಾರೆ. ಅವರಿಗೆ ಹೇಳ್ತೀರಾ?" ಎಂದರು. ಆ ಕಡೆಯವರು ಫೋನ್ ಇಟ್ಟುಬಿಟ್ಟರು.

ಶಿಕ್ಷೆ ತಪ್ಪಲಿಲ್ಲ. ಫ್ರೀಜರಿನ ಬೀಗದ ಕೈ ಹೊಸಬಳ ಪಾಲಾಯಿತು. ಅಕ್ಕ ಮೊದಲಿನಿಂದ ತರಬೇತಿ ಪಡೆದು, ತೂಕ ಮಾಡಿ ತೋರಿಸಿ, ಪಾಸಾಗಬೇಕು. ಪರೀಕ್ಷೆ ಮಾಡುವವಳು ಅದೇ ಹೊಸಬಳು. ಇಡೀ ಜೀವಮಾನ ಬೈಸಿಕೊಂಡವರೆಲ್ಲ ಅವತ್ತು ಏನಾದರೊಂದು ನೆಪ ಮಾಡಿಕೊಂಡು ಆ ಕೋಣೆಯ ಮುಂದೆ ಓಡಾಡಿದರು. ನಾನೂ ಹೋದೆ. ಅಕ್ಕ ಬೆನ್ನು ನೆಟ್ಟಗೆ ಮಾಡಿ ಹೊಸ ಹುಡುಗಿಯ ಹಾಗೆ ಕೂತಿದ್ದರು. ಶೀಶೆ ಗಾಜಿನ ಡಬ್ಬಿಯಲ್ಲಿತ್ತು. ಅಷ್ಟು ಜನರ ಕಣ್ಣು ತಮ್ಮ ಮೇಲಿದ್ದದ್ದಕ್ಕೋ ಏನೋ, ಅವರ ಕೈ ಡಬ್ಬಿಯ ಕಡೆ ಹೋಯಿತು.

"ತಡೀರಿ ಮೇಡಂ" ಎಂದಳು ಹೊಸಬಳು. ಹೇಳಿ ನಾಲಿಗೆ ಕಚ್ಚಿಕೊಂಡಳು.

ಹೊರಗೆ ಯಾರೋ ಕಿಸಕ್ಕೆಂದರು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬೈಯಮ್ಮಾ, ಇನ್ನೂ ಸ್ವಲ್ಪ ಜೋರಾಗಿ ಬೈ. ಮೆಟ್ಟಿಲವರೆಗೆ ಕೇಳ್ಬೇಕು" ಎಂದರು. ಅವಳು ಬೈಯಲಿಲ್ಲ. ಮೇಜಿನ ಖಾನೆಯಿಂದ ಸೂಜಿ ದಾರ ತೆಗೆದು, ತನ್ನ ಕೋಟು ಬಿಚ್ಚಿ ಅವರ ತೊಡೆಯ ಮೇಲಿಟ್ಟಳು. ಅಕ್ಕ ಪಾಸಾದರು. ಹೊಸಬಳು ಬೀಗದ ಕೈ ವಾಪಸು ಕೊಡಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ, ನಿನ್ನ ಹತ್ತಿರವೇ ಇರಲಿ ಎಂದರು. "ನನ್ನ ತೂಕ ತಪ್ಪಲ್ಲ" ಎಂಬ ಮಾತು ಮತ್ತೆ ಅವರ ಬಾಯಲ್ಲಿ ಕೇಳಲಿಲ್ಲ. ನನಗೆ ಅದು ಬೇಸರವೇ. ನಾನು ನೋಡಿದ ಜಂಬಗಳಲ್ಲಿ ಅದೊಂದೇ ಯೋಗ್ಯ ಜಂಬವಾಗಿತ್ತು. ಆದರೆ ಒಂದು ಮಾತು ಹೇಳಲೇಬೇಕು. ತಪ್ಪೇ ಮಾಡದ ತಡಿಯಮ್ಮನನ್ನು ನಾನು ಮೆಚ್ಚಿದ್ದೆ. ಲಾರಿಯ ಮುಂದೆ ಕೈ ಅಡ್ಡ ಹಿಡಿದು ನಿಂತ ತಡಿಯಮ್ಮನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಮುಂದಿನ ಸುಗ್ಗಿ ಮುಗಿದ ಮೇಲೆ, ಒಂದು ಬೆಳಗ್ಗೆ ಕೌಂಟರಿನಲ್ಲಿ ಜೋರು ದನಿ ಕೇಳಿತು. ಕೌಂಟರಿನವಳು, "ಚೀಲ ಇಟ್ಟು ಹೋಗಿ, ಒಳಗೆ ಯಾರು ಮಾಡ್ತಾರೋ ಅದು ನಿಮಗೆ ಗೊತ್ತಾಗೋ ಹಾಗಿಲ್ಲ, ನಿಯಮ" ಎನ್ನುತ್ತಿದ್ದಳು.

"ನಿಯಮ ಇರಲಮ್ಮ. ಲಾರಿ ನಿಲ್ಲಿಸಿದ್ರಲ್ಲ, ಆ ಅಮ್ಮ ಇನ್ನೂ ಇದಾರಾ? 'ಮಶೀನಲ್ಲ, ನಾನು' ಅಂದೋರು. ಅವರ ಕೈಯಲ್ಲೇ ಆಗ್ಲಿ."

ನಾನು ಎದ್ದು ಬಾಗಿಲಿಗೆ ಹೋದೆ. ಅದೇ ಮನುಷ್ಯ. ಪಕ್ಕದಲ್ಲಿ ಅವರದೇ ಮೂಗು, ಅವರದೇ ಹುಬ್ಬು ಇರುವ ಇನ್ನೊಬ್ಬ, ಸ್ವಲ್ಪ ಕಿರಿ ವಯಸ್ಸಿನವನು, ಬಟಾಣಿಯ ಚೀಲವನ್ನು ಹೆಗಲ ಮೇಲೆ ಹೊತ್ತು ನಿಂತಿದ್ದ. "ಇಳಿಸೋ, ಎಷ್ಟು ಹೊತ್ತು ಹೊತ್ಕೊಂಡಿರ್ತೀಯಾ" ಎಂದು ಅಣ್ಣ ಗದರಿದರು. "ಇಡೋ ಜಾಗ ತೋರಿಸ್ಲಿ ಅಣ್ಣ" ಎಂದ ತಮ್ಮ.

ಆಮೇಲೆ ಅಣ್ಣ ಕೌಂಟರಿನ ಕಿಂಡಿಗೆ ಬಾಗಿ ಒಳಗೆ ಕೇಳಿಸುವ ಹಾಗೆ, "ಅವಸರ ಏನೂ ಇಲ್ಲ ಅಂತ ಹೇಳಿ ಅವರಿಗೆ" ಎಂದರು.

ನಾನು ತಿರುಗಿ ನೋಡಿದೆ. ಅಕ್ಕನಿಗೆ ಎಲ್ಲವೂ ಕೇಳಿಸಿತ್ತು. ಕಣ್ಣು ತುಂಬಿತ್ತು, ಆದರೂ ಹೊಸಬಳ ಕೈಯಿಂದ ಬೀಗದ ಕೈ ತೆಗೆದುಕೊಂಡು, ಫ್ರೀಜರ್ ತೆರೆದು, ಶೀಶೆಯನ್ನು ಗಾಜಿನ ಡಬ್ಬಿಯೊಳಗೆ ಇಟ್ಟರು. ಕುರ್ಚಿ ಎಳೆದುಕೊಂಡು ಕೂತರು.

"ಏನು ಹಾಗೆ ನೋಡ್ತೀಯಾ ತಮ್ಮಾ?" ಎಂದರು. "ಅಳಿಯ ಬಂದಿದಾನೆ, ಸ್ವಲ್ಪ ಕೂರಲಿ. ನಿನ್ನ ಕೋಟು ಕೊಡು, ಮೇಲಿನ ಗುಂಡಿ ಜೋತಾಡ್ತಿದೆ."